ಸುನಂದಾಳ ಹೆಬ್ಬೆರಳು

ಮಾನ್ವಿಯ ಬಸವಪ್ರಸಾದರ ಕಿರಾಣಿ ಅಂಗಡಿಯಲ್ಲಿ ಗಲ್ಲಾದ ಮುಂದೆ ಕೂರುವವರು ಬಸವಪ್ರಸಾದರೇ. ಆದರೆ ಆ ಗಲ್ಲಾಕ್ಕೆ ಬೀಳುವ ಚಿಲ್ಲರೆಯ ಜಾತಕ ಬಲ್ಲವಳು ಅವರ ಹೆಂಡತಿ ಸುನಂದಾ. ಮಧ್ಯಾಹ್ನ ಮನೆಯ ಎಂಟು ಜನರ ಊಟವಾಗಿ, ಪಾತ್ರೆ ಬೆಳಗಿ, ಒಲೆಕಟ್ಟೆ ಒರೆಸಿ, ಕಡೆಗೆ ತಾನು ಉಂಡ ತಾಟನ್ನೂ ತೊಳೆದಿಡುವ ಹೊತ್ತಿಗೆ ಅಂಗಡಿಯಿಂದ ಒಂದು ಹಳೆಯ ಎಣ್ಣೆ ಡಬ್ಬಿ ಒಳಗೆ ಬರುತ್ತಿತ್ತು. ಅದರ ತುಂಬ ನಾಣ್ಯ. ಅವಳು ನಡುಮನೆಯ ಬಂಡೆಗಲ್ಲಿನ ಮೇಲೆ ಸುರುವಿಕೊಂಡು ಒಂದು, ಎರಡು, ಐದು, ಹತ್ತು ಎಂದು ಬೇರೆ ಮಾಡಿ, ಹಳೆಯ ಪೇಪರಿನಲ್ಲಿ ನೂರು ನೂರು ರೂಪಾಯಿಯ ಸುರುಳಿ ಕಟ್ಟುತ್ತಿದ್ದಳು. ಒಂದೂವರೆ ತಾಸಿನ ಕೆಲಸ. ಆದರೆ ಅದಕ್ಕೆ ಆ ಮನೆಯಲ್ಲಿ ಕೆಲಸವೆಂಬ ಹೆಸರಿರಲಿಲ್ಲ. ಯಾರಾದರೂ ಕೇಳಿದರೆ ಅತ್ತೆ ವೀರಭದ್ರಮ್ಮ, "ಆಕಿ ಏನ್ ಮಾಡ್ತಾಳ, ಒಳಗ ಕುಂತಾಳ" ಎನ್ನುತ್ತಿದ್ದರು.

ಈ ಕೈಗುಣ ಅವಳಿಗೆ ತವರಿನಿಂದ ಬಂದದ್ದು. ದೇವದುರ್ಗದಲ್ಲಿ ಅವಳ ತಾಯಿ ಬಂಡೆಮ್ಮ ಬಸ್ ನಿಲ್ದಾಣದ ಹತ್ತಿರ ಮಂಡಾಳು, ಅಂದರೆ ಮಂಡಕ್ಕಿ, ಮಾರುತ್ತಿದ್ದಳು. ಸಂಜೆ ಕರೆಂಟು ಹೋದರೆ ಬುಟ್ಟಿಯಲ್ಲಿನ ಚಿಲ್ಲರೆ ಕಾಣುತ್ತಿರಲಿಲ್ಲ. "ಕಣ್ಣು ಮೋಸ ಮಾಡತಾವ, ಹೆಬ್ಬೆರಳು ಮಾಡಂಗಿಲ್ಲ" ಎಂದು ಬಂಡೆಮ್ಮ ಮಗಳ ಕೈಗೆ ನಾಣ್ಯ ಕೊಟ್ಟು ಕೇಳುತ್ತಿದ್ದಳು, ಇದು ಯಾವುದು, ಇದು ಯಾವುದು ಎಂದು. ಎಂಟು ವರ್ಷದ ಸುನಂದಾ ಕಣ್ಣು ಮುಚ್ಚಿ ಹೇಳುತ್ತಿದ್ದಳು.

ನಾಣ್ಯದ ಮೇಲಿನ ಗುರುತು ಓದುವುದನ್ನು ಕಲಿಸಿದವರು ರಾಯಚೂರಿನ ಖಾಜಾಮಿಯಾ. ತೀನ್ ಕಂದೀಲಿನ ಹಿಂದಿನ ಓಣಿಯಲ್ಲಿ ಅವರದೊಂದು ಗಡಿಯಾರ ರಿಪೇರಿ ಅಂಗಡಿ. ಜೊತೆಗೆ ಹಳೆಯ ನಾಣ್ಯ, ಅಪರೂಪದ ನಾಣ್ಯ ಕೊಂಡು ಮಾರುವ ಹುಚ್ಚು. ಮಾನ್ವಿ ಸಂತೆಗೆ ಬಂದಾಗಲೆಲ್ಲ ನೋಟು ಕೊಟ್ಟು ಚಿಲ್ಲರೆ ಕೇಳುತ್ತಿದ್ದರು. ಬಸವಪ್ರಸಾದರು "ಹಿಂದಿನ ಬಾಗಿಲಿಗೆ ಹೋಗ್ರಿ, ಆಕಿ ಕಡೆ ಅದ" ಎಂದು ಕೈ ತೋರಿಸಿಬಿಡುತ್ತಿದ್ದರು. ಹಿತ್ತಲ ಕಟ್ಟೆಯ ಮೇಲೆ ಕೂತು ಖಾಜಾಮಿಯಾ ಹೇಳಿಕೊಟ್ಟರು: ಇಸವಿಯ ಕೆಳಗೆ ಸಣ್ಣ ವಜ್ರದ ಗುರುತಿದ್ದರೆ ಮುಂಬೈಯಲ್ಲಿ ಅಚ್ಚಾದದ್ದು, ನಕ್ಷತ್ರವಿದ್ದರೆ ನಮ್ಮ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. "ಮೊಬೈಲಿನಾಗ ದೇವಿ ಚಿತ್ರದ ನಾಣ್ಯಕ್ಕ ಲಕ್ಷ ಕೊಡ್ತೀವಿ, ಮೊದಲು ಫೀಸು ಕಟ್ಟರಿ ಅಂತಾರಲ್ಲ, ಎಲ್ಲಾ ಝೂಟ್. ಅಚ್ಚು ತಪ್ಪಿದ್ದು ಸಿಕ್ಕರ ನನಗ ತೋರಿಸು ಬೇಟಿ" ಎಂದಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿಯನ್ನು ಹೆಂಡತಿ ಕುಬ್ರಾ ಬೇಗಂ ನಡೆಸುತ್ತಿದ್ದಳು. ಗಂಡನಿಗಿಂತ ಚುರುಕು ಕಣ್ಣಿನವಳು ಎಂದು ಜನ ಹೇಳುತ್ತಿದ್ದರು.

ಕಣ್ಣಿನ ವಿಷಯಕ್ಕೆ ಬಂದರೆ, ಸುನಂದಾಳಿಗೆ ನಲವತ್ನಾಲ್ಕು ದಾಟಿತ್ತು. ಹತ್ತಿರದ್ದು ಮಬ್ಬಾಗತೊಡಗಿತ್ತು. ಅಂಗಡಿಯಲ್ಲಿ ಮಾರಿ ಉಳಿದ ಚೀಲದ ತಳದ ಅಕ್ಕಿ ಮನೆಗೆ ಬರುವ ರೂಢಿ. ಅದನ್ನು ಹಸನು ಮಾಡುವವಳು ಅವಳೇ. ಹೋದ ತಿಂಗಳು ಬಸವಪ್ರಸಾದರ ಬಾಯಿಗೆ ಹರಳು ಸಿಕ್ಕು ತಾಟು ಗೋಡೆಗೆ ಬಡಿದಿತ್ತು. "ಕಣ್ಣು ಎಲ್ಲಿಟ್ಟಿದ್ದೆವ್ವಾ?" ಎಂದು ಅತ್ತೆ ಕೇಳಿದ್ದರು. ಅತ್ತೆಯ ಪೊರೆ ತೆಗೆಸಲು ರಾಯಚೂರಿಗೆ ಹೋದಾಗ ಸುನಂದಾ ತನ್ನ ಕಣ್ಣನ್ನೂ ತೋರಿಸಿಕೊಂಡು ಬಂದಿದ್ದಳು. ದೂರಕ್ಕೊಂದು, ಹತ್ತಿರಕ್ಕೊಂದು ನಂಬರು, ಎರಡೂ ಕಣ್ಣಿಗೆ ಬೇರೆ ಬೇರೆ. ಕನ್ನಡಕದಂಗಡಿಯವನು ಚೀಟಿಯ ಹಿಂದೆ ಮೂರು ಸಾವಿರದ ಇನ್ನೂರು ಎಂದು ಬರೆದುಕೊಟ್ಟಿದ್ದ. ಆ ಚೀಟಿ ತೋರಿಸಿದಾಗ ಬಸವಪ್ರಸಾದರು ನಕ್ಕಿದ್ದರು: "ಅಕ್ಕಿ ಆರಿಸಾಕ ಮೂರು ಸಾವಿರದ ಚಷ್ಮಾ? ನೀ ಏನ್ ಕಲೆಕ್ಟರ್ ಆಫೀಸಿಗೆ ಹೊಂಟೀಯೇನು?" ಸಂತೆಯಲ್ಲಿ ನೂರೈವತ್ತಕ್ಕೆ ಒಂದು ಕನ್ನಡಕ ತಂದುಕೊಟ್ಟರು. ಹಾಕಿಕೊಂಡ ಅರ್ಧ ತಾಸಿಗೆ ತಲೆಸಿಡಿತ. ಚೀಟಿ ಅವಳ ಪರ್ಸಿನಲ್ಲಿ ಉಳಿಯಿತು.

ಅಮಾವಾಸ್ಯೆಗೆ ಹನ್ನೆರಡು ದಿನ ಇರುವಾಗ ಒಂದು ಮಧ್ಯಾಹ್ನ, ಎರಡು ರೂಪಾಯಿಯ ರಾಶಿಯಲ್ಲಿ ಅವಳ ಹೆಬ್ಬೆರಳು ತಟ್ಟನೆ ನಿಂತಿತು. ಒಂದು ಬದಿಯಲ್ಲಿ ಸಿಂಹಗಳು ಉಬ್ಬಿವೆ, ಸರಿ. ತಿರುಗಿಸಿದರೆ ಉಬ್ಬು ಇರಬೇಕಾದಲ್ಲಿ ತಗ್ಗು. ಬಾಗಿಲ ಬೆಳಕಿಗೆ ತಂದು, ಕೈಯನ್ನು ದೂರ ಚಾಚಿ ನೋಡಿದಳು. ಆ ಬದಿಯಲ್ಲೂ ಸಿಂಹಗಳೇ, ಆದರೆ ಒಳಕ್ಕೆ ಒತ್ತಿದಂತೆ, ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಎರಡು ಎಂಬ ಅಂಕಿಯಿಲ್ಲ. ಇಸವಿಯಿಲ್ಲ. ಖಾಜಾಮಿಯಾ ಹೇಳಿದ ಅಚ್ಚು ತಪ್ಪಿದ್ದು ಇದೇ. ಎರಡು ರೂಪಾಯಿಯ ಬೇರೆ ನಾಣ್ಯ ತನ್ನ ಪರ್ಸಿನಿಂದ ತೆಗೆದು ರಾಶಿಗೆ ಹಾಕಬೇಕೆಂದು ನೋಡಿದರೆ ಪರ್ಸಿನಲ್ಲಿ ಕನ್ನಡಕದ ಚೀಟಿ, ಬಸ್ಸಿನ ಹಳೆಯ ಟಿಕೆಟ್ಟು ಬಿಟ್ಟರೆ ಏನೂ ಇರಲಿಲ್ಲ.

ಎಲ್ಲಿಡುವುದು? ಆ ಮನೆಯಲ್ಲಿ ಅವಳ ಬೀಗವಿರುವ ಒಂದು ಪೆಟ್ಟಿಗೆಯೂ ಇರಲಿಲ್ಲ. ಯಾರೂ ಕೈ ಹಾಕದ ಜಾಗ ಒಂದೇ, ದೇವರ ಮನೆಯ ಲಕ್ಷ್ಮಿಯ ತಂಬಿಗೆ. ಅದರಲ್ಲಿ ಪೂಜೆಗೆಂದು ಇಟ್ಟ ಅರವತ್ತು ನಾಣ್ಯ. ಪ್ರತಿ ಅಮಾವಾಸ್ಯೆ ಸಂಜೆ ಅವುಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಫಳಫಳ ಮಾಡಿ ಗಲ್ಲಾದ ಪೂಜೆಗೆ ಕೊಡಬೇಕು. ತಿಕ್ಕುವವಳು ತಾನೇ ತಾನೆ! ಆ ಹೊತ್ತಿಗೆ ತೆಗೆದುಕೊಂಡರಾಯಿತೆಂದು ಅವಳು ನಾಣ್ಯವನ್ನು ತಂಬಿಗೆಗೆ ಜಾರಿಸಿದಳು. ಅದಕ್ಕೂ ಮೊದಲು ಅದರ ಮೇಲೆ ಕ್ಯಾಲೆಂಡರಿನ ಹಾಳೆಯಿಟ್ಟು ಮಗನ ಪೆನ್ಸಿಲಿನಿಂದ ಉಜ್ಜಿ ಎರಡೂ ಬದಿಯ ಗುರುತು ತೆಗೆದುಕೊಂಡಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಬಸವಪ್ರಸಾದರು ಹಲ್ಲುಜ್ಜುತ್ತ, "ಅವ್ವನ ಮೊಣಕಾಲಿನ ಗುಳಿಗಿ ಮುಗಿದಾವ. ಎಂಟರ ಬಸ್ಸಿಗೆ ರಾಯಚೂರಿಗೆ ಹೋಗಿ ತಗೊಂಡು ಬಾ, ನನಗ ಅಂಗಡಿ ಬಿಡಾಕ ಆಗಂಗಿಲ್ಲ" ಎಂದರು. ಆಗಲೇ ಏಳು ಕಾಲು. ಸುನಂದಾ ಮೂವತ್ತು ರೊಟ್ಟಿ ಬಡಿದು, ಪಲ್ಯ ಇಳಿಸಿ, ದೇವರ ಮನೆಗೆ ಇಣುಕಿದರೆ ಅತ್ತೆ ತಂಬಿಗೆಗೆ ಬೆನ್ನು ಮಾಡಿ ಲಿಂಗಪೂಜೆಗೆ ಕೂತಿದ್ದರು. ಆ ಹೊತ್ತಿನಲ್ಲಿ ಯಾರೂ ಒಳಗೆ ಹೋಗುವಂತಿಲ್ಲ. ಬಾಗಿಲಲ್ಲಿ ಐದು ನಿಮಿಷ ನಿಂತಳು. ಬಸ್ಸು ತಪ್ಪುತ್ತದೆ. ಸಂಜೆ ನಾಲ್ಕಕ್ಕೆ ಬಂದರೂ ತಿಕ್ಕುವ ಹೊತ್ತಿಗೆ ಆಗುತ್ತದೆ ಎಂದುಕೊಂಡು ಹೊರಟಳು.

ರಾಯಚೂರಿನಲ್ಲಿ ಕುಬ್ರಾ ಬೇಗಂ ಅಂಗಡಿ ತೆರೆದದ್ದೇ ಹನ್ನೆರಡಕ್ಕೆ. ಪೆನ್ಸಿಲ್ ಉಜ್ಜಿದ ಹಾಳೆಯನ್ನು ದೀಪದ ಕೆಳಗೆ ಹಿಡಿದು, ಕಣ್ಣಿಗೆ ಗಡಿಯಾರದವರ ಭೂತಗಾಜು ಸಿಕ್ಕಿಸಿಕೊಂಡು ನೋಡಿದಳು. ಹಾಳೆ ತಿರುವಿ ಮತ್ತೊಮ್ಮೆ ನೋಡಿ ಕೇಳಿದಳು:

"ಕೈಯಿಂದ ಬರೆದದ್ದಲ್ಲ, ಹೌದಿಲ್ಲ?"

"ಅಲ್ಲ ಖಾಲಾ. ನಾಣ್ಯದ ಮ್ಯಾಗ ಇಟ್ಟು ಉಜ್ಜಿದ್ದು."

"ಇದಕ್ಕ ನಮ್ಮ ಧಂದೇದಾಗ ಲಖೀ ಅಂತಾರ. ಅಚ್ಚಿನಾಗ ಒಂದು ನಾಣ್ಯ ಸಿಕ್ಕೊಂಡು ಉಳದಾಗ ಅದರ ಮ್ಯಾಗ ಇನ್ನೊಂದು ಬಿದ್ದು ಹಿಂಗ ಆಗತದ. ಹೆಸರು ಲಖೀ ಅಂತ ಲಕ್ಷ ಬರತದ ಅನ್ಕೋಬ್ಯಾಡ ಮತ್ತ. ಹೈದರಾಬಾದಿನಾಗ ನನ್ನ ಗಿರಾಕಿ ಒಬ್ಬ ಅದಾನ. ನಾ ನಿನಗ ನಾಕು ಸಾವಿರ ಕೊಡ್ತೀನಿ, ಕೈಯಾಗ ರೊಕ್ಕ. ನಾಣ್ಯ ಎಲ್ಲಿ?"

"ಮನ್ಯಾಗ. ಲಕ್ಷ್ಮಿ ತಂಬಿಗಿಯಾಗ."

ಕುಬ್ರಾ ಬೇಗಂ ಭೂತಗಾಜು ತೆಗೆದಳು. "ಇವತ್ತ ಅಮಾಸಿ ಅಲ್ಲೇನು? ನಿಮ್ಮ ಹೆಣ್ಮಕ್ಕಳು ಬೂದಿ ಹಚ್ಚಿ ತಿಕ್ಕತೀರಲ್ಲ? ಯಾ ಅಲ್ಲಾ! ಲಿಂಗಸೂರಿನಾಕಿ ಒಬ್ಬಾಕಿ ಹಿಂಗ ಛಂದ ಕಾಣಲಿ ಅಂತ ತಿಕ್ಕಿ ತಂದಿದ್ಲು. ಮೈ ತುಂಬ ಗೀರು. ಐನೂರಕ್ಕೂ ಯಾರೂ ಮುಟ್ಟಲಿಲ್ಲ. ಹೊಲಸಿದ್ರ ಇರಲಿ, ತೊಳೀಬ್ಯಾಡ, ಒರಸಬ್ಯಾಡ. ಹೋಗು, ಮೊದಲ ಹೋಗು."

ಗುಳಿಗೆಯ ಅಂಗಡಿಯಲ್ಲಿ ಒಂದೂವರೆ ತಾಸಿನ ಸಾಲು. ಅಲ್ಲಿ ನಿಂತೇ ಸುನಂದಾ ಮನೆಗೆ ಫೋನು ಹಚ್ಚಿದಳು. ವಾರಗಿತ್ತಿ ನಾಗರತ್ನಾಳ ಫೋನು ಗಂಟೆ ಹೊಡೆದು ಹೊಡೆದು ಸುಮ್ಮನಾಯಿತು. ಎರಡನೆಯ ಸಲವೂ ಹಾಗೇ. ಎರಡೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಕಲ್ಲೂರು ದಾಟುವಾಗ ನಾಲ್ಕನೆಯ ಸಲ ಹಚ್ಚಿದಾಗ ಎತ್ತಿದವರು ವೀರಭದ್ರಮ್ಮ.

"ಗುಳಿಗಿ ಸಿಕ್ಕಾವಿಲ್ಲ?"

"ಸಿಕ್ಕಾವ ಅತ್ತೆವ್ರ. ನಾಗರತ್ನಾ ಎಲ್ಲಿ?"

"ಹಿತ್ತಲದಾಗ. ನೀ ದಣಿದು ಬರ್ತೀದಿ ಅಂತ ಲಕ್ಷ್ಮಿ ರೊಕ್ಕ ಆಕಿನ ತಿಕ್ಕಾಕ ಕುಂತಾಳ."

ಸುನಂದಾ ಫೋನನ್ನು ಕಿವಿಗೆ ಒತ್ತಿಕೊಂಡಳು. "ಬ್ಯಾಡ ಅನ್ರಿ. ತಿಕ್ಕಬ್ಯಾಡ ಅನ್ರಿ, ನಾ ಬಂದು ತಿಕ್ಕತೀನಿ."

"ಯಾಕ? ಆಕಿ ತಿಕ್ಕಿದ್ರ ಲಕ್ಷ್ಮಿ ಮೈಲಿಗಿ ಆಗತಾಳೇನು? ದಿನಾ ಕೆಲಸ ಭಾಳ ಅಂತ ಮಾರಿ ಗಂಟು ಹಾಕ್ತೀದಿ, ಯಾರರ ಕೈ ಹಾಕಿದ್ರ ಬ್ಯಾಡ ಅಂತೀದಿ. ನಿನ್ನ ತಿಳಿಯೂದು ಶಿವಗೂ ಆಗಂಗಿಲ್ಲ ನೋಡು."

"ಅತ್ತೆವ್ರ, ಅದರಾಗ ಒಂದು…"

"ಅದರಾಗ ಒಂದು ಏನು?"

ಹೇಳಿದರೆ ನಾಣ್ಯ ಅರ್ಧ ತಾಸಿನೊಳಗೆ ಗಂಡನ ಜೇಬಿನಲ್ಲಿರುತ್ತದೆ. ಹೇಳದಿದ್ದರೆ ಬೂದಿಯಲ್ಲಿರುತ್ತದೆ. ಸುನಂದಾ ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಫೋನು ಕಟ್ಟಾಗಿತ್ತು. ಕಿಟಕಿಯ ಹೊರಗೆ ಭತ್ತದ ಗದ್ದೆಗಳು ಓಡುತ್ತಿದ್ದವು. ನೀರಮಾನ್ವಿಯಲ್ಲಿ ಬಸ್ಸು ನಿಂತಿತು. ಒಬ್ಬಳು ಮುದುಕಿ ಮೂರು ಚೀಲ ಹತ್ತಿಸಿ, ಇಳಿದು, ಮರೆತ ಕೊಡೆ ತಂದು ಮತ್ತೆ ಹತ್ತಿದಳು. ಸುನಂದಾ ಸೀಟಿನ ಕಬ್ಬಿಣವನ್ನು ಹೆಬ್ಬೆರಳಿನಿಂದ ಒತ್ತುತ್ತ ಕೂತಳು.

ಮಾನ್ವಿಯಲ್ಲಿ ಇಳಿದವಳು ಆಟೋಕ್ಕೆ ಕಾಯಲಿಲ್ಲ. ಹಿತ್ತಲ ಬಾಗಿಲಿನಿಂದ ಒಳಗೆ ಬಂದರೆ ನಾಗರತ್ನಾ ಬಚ್ಚಲ ಕಲ್ಲಿನ ಮೇಲೆ ಕೂತಿದ್ದಳು. ಮುಂದೆ ಪರಾತದಲ್ಲಿ ತಿಕ್ಕಿ ತೊಳೆದ ನಾಣ್ಯಗಳು, ಬಿಸಿಲಿಗೆ ಕಣ್ಣು ಚುಚ್ಚುವಷ್ಟು ಬೆಳ್ಳಗೆ.

"ಬಂದ್ಯಾ ಅಕ್ಕಾ? ನೋಡು, ನೀ ತಿಕ್ಕಿದಂಗ ಆಗ್ಯಾವಿಲ್ಲ?"

ಸುನಂದಾ ಚೀಲ ಕೆಳಗೆ ಹಾಕಿ ಪರಾತಕ್ಕೆ ಎರಡೂ ಕೈ ಹಾಕಿದಳು. ಒದ್ದೆ ನಾಣ್ಯಗಳು ಬೆರಳ ಸಂದಿಯಲ್ಲಿ ಜಾರಿದವು. ಒಂದೊಂದನ್ನೇ ಹೆಬ್ಬೆರಳು ದಾಟಿಸಿದಳು. ಉಬ್ಬು, ಉಬ್ಬು, ಉಬ್ಬು. ಅರವತ್ತೂ ಉಬ್ಬು. ತಗ್ಗು ಇಲ್ಲ.

"ಒಂದು ಕಡಿಮಿ ಅದ," ಎಂದಳು.

"ಆ ಖೋಟಾ ಪೈಸೇನ? ಎರಡೂ ಕಡೆ ಸಿಂಹ, ಅದೂ ಒಂದು ಉಲ್ಟಾ. ತಿಕ್ಕಾಕ ತಗೊಂಡೆ, ಅತ್ತಿ ನೋಡಿದ್ರು. ಅವರು ಬೆಳ್ಳಿ ನೋಡ್ತಾರಲ್ಲ, ಹಂಗ ಒಮ್ಮಿ ಕಲ್ಲಿಗೆ ಉಜ್ಜಿ ನೋಡಿ, ಇಂಥಾದ್ದು ಲಕ್ಷ್ಮಿ ಮುಂದ ಇಡಬಾರದು, ಅಂಗಡಿಗೆ ಕಳಿಸು, ಯಾರಿಗರ ದಾಟಿಸಲಿ ಅಂದ್ರು. ಭಾವಗ ಕೊಟ್ಟು ಬಂದೆ."

"ಯಾವಾಗ?"

"ಈಗ ಅರ್ಧ ತಾಸಾತು. ಯಾಕ ಅಕ್ಕಾ, ಮಾರಿ ಯಾಕ ಹಂಗಾಗೇದ?"

ಅಂಗಡಿಗೂ ಮನೆಗೂ ನಡುವೆ ಒಂದೇ ಬಾಗಿಲು, ಬಾಗಿಲಿಗೆ ಪರದೆ. ಇಪ್ಪತ್ತೆರಡು ವರ್ಷದಲ್ಲಿ ಆ ಪರದೆಯ ಆಚೆ ಸುನಂದಾ ಕಾಲಿಟ್ಟದ್ದು ಕಸ ಹೊಡೆಯಲಿಕ್ಕೆ, ಅದೂ ಅಂಗಡಿ ತೆರೆಯುವ ಮೊದಲು. ಈಗ ಅಮಾವಾಸ್ಯೆಯ ಸಂತೆ ಜನ. ಕಾಯಿ, ಕರ್ಪೂರ, ಊದಿನಕಡ್ಡಿ ಎಂದು ಹತ್ತು ಕೈ ಚಾಚಿದ್ದವು. ಅರ್ಧ ತಾಸಿನಲ್ಲಿ ಎಷ್ಟು ಎರಡು ರೂಪಾಯಿ ಹೋಗಿರಬಹುದು? ಐವತ್ತು? ನೂರು? ಅವಳು ಪರದೆ ಸರಿಸಿ ನೇರ ಗಲ್ಲಾದ ಪಕ್ಕಕ್ಕೆ ಬಂದು ನಿಂತಳು.

"ಏನು?" ಬಸವಪ್ರಸಾದರು ತಿರುಗಿ ನೋಡಲಿಲ್ಲ. "ಒಳಗ ನಡಿ, ಗಿರಾಕಿ ಅದಾರ."

ಅವರು ಆಗ ಟ್ರ್ಯಾಕ್ಟರ್ ಓಡಿಸುವ ದುರುಗಪ್ಪನಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದರು. ದುರುಗಪ್ಪ ಅಂಗೈ ನೋಡಿಕೊಂಡು ಮುಖ ಸಿಂಡರಿಸಿದ.

"ಸಾವ್ಕಾರ್ರ, ಇದೇನ್ರಿ? ನಂಬರ ಇಲ್ಲ ಇದಕ್ಕ. ಇದು ಓಡಂಗಿಲ್ಲ."

"ಓಡತದ ಬಿಡೋ, ಸರ್ಕಾರದ್ದು."

"ಸರ್ಕಾರದ್ದಾದ್ರ ನಂಬರ ಎಲ್ಲಿ ತಿಂತು? ಬೇರೆ ಕೊಡ್ರಿ."

ಬಸವಪ್ರಸಾದರು ಗೊಣಗುತ್ತ ಅದನ್ನು ಕಸಿದು ಗಲ್ಲಾದ ಖಾನೆಗೆ ಎಸೆದು ಬೇರೆ ಕೊಟ್ಟರು. ಸುನಂದಾ ಅದು ಬಿದ್ದ ಸದ್ದು ಕೇಳಿದಳು. ಮಬ್ಬುಗಣ್ಣಿಗೆ ಖಾನೆಯ ಎಲ್ಲ ನಾಣ್ಯಗಳೂ ಒಂದೇ. ಅಷ್ಟರಲ್ಲಿ ಎರಡು ಕಾಯಿ ಕೊಂಡ ಹೆಂಗಸು ಕೈ ಚಾಚಿದಳು. ಬಸವಪ್ರಸಾದರ ಬೆರಳು ಮತ್ತೆ ಅದೇ ಖಾನೆಗೆ ಇಳಿದವು. ಈ ಸಲ ಅವರು ನೋಡಿಯೇ ಹೆಕ್ಕಿದರು, ನಾಲ್ಕು ನಾಣ್ಯಗಳ ನಡುವೆ ಅದನ್ನು ಒತ್ತಿಟ್ಟರು.

ಸುನಂದಾ ಆ ಕೈಯ ಮಣಿಕಟ್ಟು ಹಿಡಿದಳು.

ಬಸವಪ್ರಸಾದರು ಹೆಂಡತಿಯ ಕೈಯನ್ನು ನೋಡಿದರು, ಅದು ಯಾರದೋ ಎಂಬಂತೆ. ಅವಳು ಇನ್ನೊಂದು ಕೈಯಿಂದ ಅವರ ಅಂಗೈಯಲ್ಲಿನ ನಾಣ್ಯಗಳ ಮೇಲೆ ಹೆಬ್ಬೆರಳು ಆಡಿಸಿ, ನಡುವಿನದನ್ನು ತೆಗೆದು, ಬಸ್ಸಿನ ಕಂಡಕ್ಟರ್ ಕೊಟ್ಟಿದ್ದ ಎರಡು ರೂಪಾಯಿಯನ್ನು ಅಲ್ಲಿಟ್ಟಳು.

"ತಲಿ ಕೆಟ್ಟದೇನು ನಿನಗ?"

"ಇಲ್ರಿ. ಎರಡು ರೂಪಾಯಿಗೆ ಎರಡು ರೂಪಾಯಿ ಇಟ್ಟೀನಿ."

"ಅದನ್ನ ಇಲ್ಲಿ ತಾ." ಅವರ ದನಿ ತಗ್ಗಿತು. ವ್ಯಾಪಾರಿಗೆ ವಾಸನೆ ಹತ್ತಲು ತಡವಾಗುವುದಿಲ್ಲ. "ಏನದ ಅದರಾಗ? ಗಲ್ಲಾದಾಗಿಂದು ಗಲ್ಲಾದಾಗ ಇರಬೇಕು."

ಸುನಂದಾ ನಾಣ್ಯವನ್ನು ಮುಷ್ಟಿಯಲ್ಲಿ ಮುಚ್ಚಿದಳು. ಕೌಂಟರಿನ ಆಚೆ ಹತ್ತು ಮುಖ. ಮನೆಯೊಳಗೆ ಹೋದರೆ ಈ ಮಾತು ತನ್ನಿಂದ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಖೋಟಾ ಆಗಿದ್ರ ಗಿರಾಕಿಗೆ ಯಾಕ ದಾಟಸಾಕತ್ತಿದ್ರಿ? ಖೋಟಾ ಆದ್ರ ನನ್ನ ಹತ್ರ ಬಿದ್ದಿರಲಿ. ಖರೇ ಆದ್ರ ಅದರ ಬೆಲಿ ನಿಮ್ಮ ಕೈಯಾಗ ಇಟ್ಟೀನಿ. ಎಲ್ಲಾರೂ ನೋಡ್ಯಾರ."

ಕಾಯಿ ಕೊಂಡ ಹೆಂಗಸು ಬಸವಪ್ರಸಾದರ ಅಂಗೈಯಿಂದ ಚಿಲ್ಲರೆ ಎತ್ತಿಕೊಂಡು ಒಂದೊಂದಾಗಿ ತಿರುವಿ ನೋಡತೊಡಗಿದಳು. ಹಿಂದಿದ್ದವನೂ ತನ್ನ ಜೇಬಿಗೆ ಕೈ ಹಾಕಿದ. ದುರುಗಪ್ಪ ಕೆಮ್ಮಿದ.

"ಸಾವ್ಕಾರ್ರ, ಅಕ್ಕಾರ ಲೆಕ್ಕ ಸರಿ ಅದ. ನನಗ ಕೊಟ್ಟಿದ್ರಲ್ಲ, ನಾನ ಒಲ್ಲೆ ಅಂದೆ. ನನ್ನ ಹಣೆಬರ! ಈಗ ನನಗ ಊದಿನಕಡ್ಡಿ ಕೊಡ್ರಿ, ಹೊತ್ತಾತು."

ಯಾರೋ ನಕ್ಕರು. ಬಸವಪ್ರಸಾದರು ಊದಿನಕಡ್ಡಿಯ ಕಟ್ಟಿಗೆ ಕೈ ಚಾಚಿದರು. ಸುನಂದಾ ಪರದೆಯೊಳಗೆ ಬಂದು ಗೋಡೆಗೆ ಆತು ನಿಂತಳು. ಪರದೆಯ ಹಿಂದೆ ನಾಗರತ್ನಾ ನಿಂತಿದ್ದಳು. ಎಲ್ಲ ಕೇಳಿದ್ದಳು.

"ಖರೇನ ಅಕ್ಕಾ? ಎಷ್ಟು ಬರತದ?"

ಸುನಂದಾ ಹೇಳಿದಳು. ನಾಗರತ್ನಾ ಬೂದಿ ಹತ್ತಿದ ತನ್ನ ಕೈಗಳನ್ನು ನೋಡಿಕೊಂಡಳು. "ನನ್ನ ಕೈಯಾಗ ಹೋಗೇ ಬಿಡತಿತ್ತು," ಎಂದಳು. ಸೆರಗಿಗೆ ಕೈ ಒರೆಸಿಕೊಂಡು, "ನಾಳಿ ಮುಂಜಾನಿ ರೊಟ್ಟಿ ನಾ ಬಡೀತೀನಿ. ನೀ ಮೊದಲ ಬಸ್ಸಿಗೆ ಹೋಗಿಬಿಡು."

ಮರುದಿನ ಬೆಳಿಗ್ಗೆ ಅವಳು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಬಸವಪ್ರಸಾದರು ಬಾಗಿಲಿಗೆ ಬಂದು ನಿಂತರು.

"ಎಷ್ಟಕ್ಕ ಹೋಗತದ?"

"ನಾಕು ಸಾವಿರ ಅಂದಾಳ."

"ನಾ ಒಯ್ತೀನಿ ತಾ. ಅಂಥವರು ಹೆಂಗಸರನ್ನ ನೋಡಿದ್ರ ಅರ್ಧಕ್ಕ ಕೇಳತಾರ."

"ಅಲ್ಲಿ ಕುಂತಾಕಿನೂ ಹೆಂಗಸ ಅದಾಳರಿ," ಎಂದು ಸುನಂದಾ ಚಪ್ಪಲಿ ಮೆಟ್ಟಿದಳು. ನಾಣ್ಯವನ್ನು ಹತ್ತಿಯಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಿದ್ದಳು. ಅವರು ಬಾಗಿಲಿನಿಂದ ಸರಿಯಲು ಒಂದು ಗಳಿಗೆ ತೆಗೆದುಕೊಂಡರು. ಅಡುಗೆಮನೆಯಲ್ಲಿ ನಾಗರತ್ನಾಳ ರೊಟ್ಟಿಯ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಅವರು ಸರಿದರು.

ಕುಬ್ರಾ ಬೇಗಂ ಭೂತಗಾಜಿನಲ್ಲಿ ನೋಡಿ ಮೊದಲು ಖುಷಿಪಟ್ಟಳು, ಆಮೇಲೆ ತುಟಿ ಕಚ್ಚಿದಳು. ಅಂಚಿನಲ್ಲಿ ಒಂದು ಹೊಸ ಗೀರು.

"ಯಾರು ಕಲ್ಲಿಗೆ ಉಜ್ಜಿದ್ರು?"

"ನಮ್ಮ ಅತ್ತಿ."

"ಮೂರು ಸಾವಿರ. ಇದಕ್ಕ ಹೆಚ್ಚು ಕೊಟ್ರ ನಾ ನನಗ ಸುಳ್ಳು ಹೇಳಿಕೊಂಡಂಗ."

ಸುನಂದಾ ಚೌಕಾಸಿ ಮಾಡಿದಳು. ಇಪ್ಪತ್ತೆರಡು ವರ್ಷ ಪರದೆಯ ಹಿಂದಿನಿಂದ ಕೇಳಿಸಿಕೊಂಡ ಚೌಕಾಸಿ. ಮೂರು ಸಾವಿರದ ನೂರಕ್ಕೆ ನಿಂತಿತು. ಕನ್ನಡಕದಂಗಡಿಯಲ್ಲಿ ಚೀಟಿ ತೆರೆದು ಇಟ್ಟಾಗ ಅವನು ಹಗುರ ಫ್ರೇಮು ತೋರಿಸಿದ. ಅವಳು ಅದಕ್ಕಿಂತ ಅಗ್ಗದ, ದಪ್ಪ ಕರಿ ಫ್ರೇಮು ಆರಿಸಿ, ನೂರು ರೂಪಾಯಿ ಕಡಿಮೆ ಮಾಡಿಸಿದಳು. ಗಾಜು ಮಾತ್ರ ಚೀಟಿಯಲ್ಲಿ ಬರೆದದ್ದೇ ಬೇಕು ಎಂದಳು. ಗುರುವಾರ ಬರಲು ಹೇಳಿದ.

ಮಧ್ಯಾಹ್ನ ಅವಳು ಮನೆ ಸೇರಿದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ವೀರಭದ್ರಮ್ಮ ತಲೆಯೆತ್ತದೆ, "ರೊಕ್ಕ ಎಲ್ಲಿ?" ಎಂದರು.

"ಕಣ್ಣಿಗೆ ಕೊಟ್ಟೆ ಅತ್ತೆವ್ರ," ಎಂದು ಸುನಂದಾ ನಾಗರತ್ನಾಳ ಕೈಯಿಂದ ಸಾರಿನ ಸವಟು ತೆಗೆದುಕೊಂಡು ಅವಳನ್ನು ಉಣ್ಣಲು ಕೂರಿಸಿದಳು. "ಗುರುವಾರ ಮತ್ತ ಹೋಗಾಕಿ ಅದೀನಿ. ಅವತ್ತಿನ ಚಿಲ್ಲರಿ ನೀವ ಬ್ಯಾರೆ ಮಾಡ್ಕೋರಿ."

ಬಸವಪ್ರಸಾದರು ಅವಳತ್ತ ತಿರುಗಿ ಮಜ್ಜಿಗೆ ಕೇಳಿದರು.